ಹಿಂಬದಿ ಎತ್ತರಿಸಿದ ಬೈಕು: ಒಂದು ಅಂಗುಲ ಬದಲಿಸುವ ಸಂಗತಿಗಳು

ಹಾವೇರಿ: ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಸೋಮವಾರ ಮತ್ತು ಗುರುವಾರ ವಹಿವಾಟಿನ ದಿನಗಳು. ಹಂಗಾಮಿನಲ್ಲಿ ಲಾರಿ, ಟ್ರ್ಯಾಕ್ಟರ್‌ಗಳ ಸಂದಿಯಲ್ಲಿ ನುಸುಳುವ ದ್ವಿಚಕ್ರ ವಾಹನಗಳನ್ನು ಗಮನಿಸಿದರೆ ಎರಡು ಬಗೆಯವು ಕಣ್ಣಿಗೆ ಬೀಳುತ್ತವೆ. ಚೀಲಗಳ ಭಾರಕ್ಕೆ ಹಿಂಬದಿ ಕುಸಿದು, ಮಡ್‌ಗಾರ್ಡ್ ಟಯರಿಗೆ ಮುತ್ತಿಡುವಂತಿರುವವು ಒಂದು ಬಗೆ. ಭಾರವಿಲ್ಲದಾಗಲೂ ಹಿಂಬದಿ ಎದ್ದು ನಿಂತು, ಮೂತಿ ನೆಲದತ್ತ ಬಾಗಿರುವವು ಇನ್ನೊಂದು ಬಗೆ. ಎಷ್ಟೋ ಸಲ ಮೊದಲನೆಯದರ ತೊಂದರೆಗೆ ಹುಡುಕಿದ ಪರಿಹಾರವೇ ಎರಡನೆಯದು.

ಪರಿಹಾರ ಬಹಳ ಅಗ್ಗದ್ದು. ಹಿಂದಿನ ಶಾಕ್ ಅಬ್ಸಾರ್ಬರಿನ, ಅಂದರೆ ಗ್ಯಾರೇಜಿನ ಮಾತಿನಲ್ಲಿ ‘ಶಾಕಪ್’ನ, ಕೆಳಗಿನ ಕಿವಿಗೆ ಒಂದೋ ಎರಡೋ ಅಂಗುಲದ ಲೋಹದ ತುಂಡನ್ನು ಜೋಡಿಸಿದರಾಯಿತು, ಅರ್ಧ ಗಂಟೆಯಲ್ಲಿ ಬೈಕಿನ ಹಿಂಬದಿ ಮೇಲೇರುತ್ತದೆ. ಇದನ್ನು ಬರೀ ಹುಡುಗರ ಶೋಕಿ ಎಂದು ತಳ್ಳಿಹಾಕುವುದು ಸರಿಯಲ್ಲ. ಡಿಎಪಿ ಗೊಬ್ಬರದ ಒಂದು ಚೀಲ 50 ಕಿಲೋ ತೂಗುತ್ತದೆ. ಅಂತಹ ಎರಡು ಚೀಲಗಳನ್ನು ಹೇರಿಕೊಂಡು ರಾಣೆಬೆನ್ನೂರಿನಿಂದ ಹಳ್ಳಿಯ ದಾರಿ ಹಿಡಿದವನ ಬೈಕು ಪ್ರತಿ ಗುಂಡಿಯಲ್ಲೂ ತಳ ಬಡಿಯುತ್ತದೆ. ಎರೆ ಭೂಮಿಯ ಕಡೆ ಇನ್ನೂ ಒಂದು ಕಾರಣವುಂಟು. ಮಳೆ ಬಿದ್ದ ಮರುದಿನ ಹೊಲದ ದಾರಿಯಲ್ಲಿ ಅಂಟುವ ಕೆಸರು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಗಟ್ಟಿಯಾಗಿ ತುಂಬಿಕೊಂಡು ಗಾಲಿ ತಿರುಗುವುದೇ ನಿಲ್ಲುತ್ತದೆ. ಹಿಂದಿನ ಮಡ್‌ಗಾರ್ಡ್ ಬೈಕಿನ ಒಡಲಿಗೆ ಬಿಗಿದಿರುವುದರಿಂದ ಹಿಂಬದಿ ಎತ್ತರಿಸಿದರೆ ಅಲ್ಲಿನ ಜಾಗ ಹಿಗ್ಗುವುದು ನಿಜ. ಮುಂದಿನ ಮಡ್‌ಗಾರ್ಡ್ ಚಕ್ರದ ಜೊತೆಗೇ ಏರಿಳಿಯುವಂಥದ್ದಾದ ಕಾರಣ ಅಲ್ಲಿ ಈ ಉಪಾಯ ನಡೆಯದು.

ಆದರೆ ಆ ಒಂದು ಅಂಗುಲ ಹಿಂಬದಿಯನ್ನು ಮಾತ್ರ ಬದಲಿಸುವುದಿಲ್ಲ. ಹ್ಯಾಂಡಲ್, ಹೆಡ್‌ಲೈಟ್, ಚೈನು, ಬ್ರೇಕು, ಸ್ಟ್ಯಾಂಡು ಇವೆಲ್ಲವೂ ಅದರೊಂದಿಗೆ ಬದಲಾಗುತ್ತವೆ. ಭಾರ ಹೊರುವ ಶಕ್ತಿ ಮಾತ್ರ ಎಳ್ಳಷ್ಟೂ ಹೆಚ್ಚುವುದಿಲ್ಲ.

ಸ್ಪ್ರಿಂಗ್ ಬುಡದ ಉಂಗುರ

ಶಾಕಪ್‌ನಲ್ಲಿ ಕೆಲಸ ಮಾಡುವ ಭಾಗಗಳು ಎರಡು. ಹೊರಗೆ ಕಾಣುವ ಸ್ಪ್ರಿಂಗ್ ಭಾರವನ್ನು ಹೊರುತ್ತದೆ. ಒಳಗಿನ ಕೊಳವೆಯಲ್ಲಿರುವ ಎಣ್ಣೆ, ಸಣ್ಣ ರಂಧ್ರಗಳ ಮೂಲಕ ಹಾಯುತ್ತಾ, ಸ್ಪ್ರಿಂಗಿನ ಕುಣಿತವನ್ನು ತಡೆಯುತ್ತದೆ. ಎಣ್ಣೆ ಸೋರಿಹೋದ ಶಾಕಪ್ ಇರುವ ಬೈಕು ಗುಂಡಿ ದಾಟಿದ ಮೇಲೂ ಎರಡು ಮೂರು ಸಲ ತೊಯ್ದಾಡುತ್ತದೆ. ಹೀಗೆ ತೊಯ್ದಾಡುವ ಬೈಕಿಗೆ ಬೇಕಾದುದು ಎತ್ತರವಲ್ಲ, ಹೊಸ ಶಾಕಪ್ ಜೋಡಿ.

ಎರಡು ಶಾಕಪ್ ಇರುವ ಸಾಮಾನ್ಯ ಬೈಕುಗಳಲ್ಲಿ ಸ್ಪ್ರಿಂಗಿನ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಒಂದು ಉಂಗುರವಿರುತ್ತದೆ. ಹಾವೇರಿ ಸೀಮೆಯ ಯಾವ ಊರಿಗೆ ಹೋದರೂ ಕಣ್ಣಿಗೆ ಬೀಳುವ ಸ್ಪ್ಲೆಂಡರಿನಲ್ಲಿ ಇಂತಹ ಮೆಟ್ಟಿಲುಗಳು 5. ಕೊಕ್ಕೆಯಂತೆ ಬಾಗಿದ ಸ್ಪ್ಯಾನರಿನಿಂದ ಉಂಗುರ ತಿರುಗಿಸಿದರೆ ಸ್ಪ್ರಿಂಗಿನ ಬುಡ ಮೇಲೇರುತ್ತದೆ. ಅದರ ಮೇಲೆ ಕುಳಿತಿರುವ ಬೈಕೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ವಿಚಿತ್ರವೆಂದರೆ, ಬೈಕು ಕೊಂಡು ಹತ್ತು ವರ್ಷವಾದರೂ ಈ ಉಂಗುರವನ್ನು ಒಮ್ಮೆಯೂ ಮುಟ್ಟದವರೇ ಹೆಚ್ಚು. ತುಕ್ಕು ಮತ್ತು ಕೆಸರಿನಿಂದ ಅದು ಬಿಗಿದುಕೊಂಡಿದ್ದರೆ ಮೊದಲು ತೊಳೆದು, ಎಣ್ಣೆ ಬಿಟ್ಟು, ಆಮೇಲೆ ತಿರುಗಿಸಬೇಕು. ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದರೆ ಮೆಟ್ಟಿಲುಗಳೇ ಮುರಿಯುತ್ತವೆ.

‘ಉಂಗುರ ಏರಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ’ ಎಂಬ ಮಾತು ಗ್ಯಾರೇಜುಗಳಲ್ಲಿ ಕೇಳಿಬರುವುದುಂಟು. ಅದು ಪೂರ್ತಿ ಸರಿಯಲ್ಲ. ಸ್ಪ್ರಿಂಗಿನ ಗಡಸುತನ ಅದರ ತಂತಿಯ ದಪ್ಪ, ಸುರುಳಿಯ ಅಗಲ ಮತ್ತು ಸುರುಳಿಗಳ ಸಂಖ್ಯೆಯಿಂದ ನಿರ್ಧಾರವಾಗುವಂಥದ್ದು. ಉಂಗುರ ಅದನ್ನು ಬದಲಿಸಲಾರದು. ಉಂಗುರ ಮಾಡುವುದು ಇಷ್ಟೇ: ಸ್ಪ್ರಿಂಗನ್ನು ಮೊದಲೇ ಒಂದಿಷ್ಟು ಅದುಮಿ ಇಟ್ಟು, ಅದೇ ಭಾರಕ್ಕೆ ಬೈಕು ಕಡಿಮೆ ಕುಸಿಯುವಂತೆ ನೋಡಿಕೊಳ್ಳುವುದು. ಗುಂಡಿ ಬಂದಾಗ ಕುಗ್ಗಲು ಉಳಿಯುವ ಜಾಗ ಹೆಚ್ಚುತ್ತದೆ, ತಳ ಬಡಿಯುವುದು ಕಡಿಮೆಯಾಗುತ್ತದೆ. ಚೀಲ ಸಾಗಿಸುವವರಿಗೆ ಬೇಕಾದುದೂ ಇದೇ ಅಲ್ಲವೇ?

ಸರಿಯಾದ ಮೆಟ್ಟಿಲು ಯಾವುದೆಂದು ತಿಳಿಯಲು ಅಳತೆಯ ಟೇಪು ಮತ್ತು ಇನ್ನಿಬ್ಬರ ನೆರವು ಸಾಕು. ಬೈಕನ್ನು ಡಬಲ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಹಿಂದಿನ ಚಕ್ರ ನೆಲ ಬಿಟ್ಟಿರುವಾಗ, ಚಕ್ರದ ಆಕ್ಸಲಿನಿಂದ ನೇರ ಮೇಲಕ್ಕೆ ಸೀಟಿನ ಕೆಳಗಿನ ಒಂದು ಗುರುತಿನವರೆಗೆ ಅಳೆಯಬೇಕು. ಬಳಿಕ ಸ್ಟ್ಯಾಂಡಿನಿಂದ ಇಳಿಸಿ, ಒಬ್ಬರು ಬೈಕು ಹಿಡಿದುಕೊಂಡಿರುವಾಗ ಸವಾರ ಎರಡೂ ಕಾಲು ಮೇಲಿಟ್ಟು ಕೂರಬೇಕು. ಇನ್ನೊಬ್ಬರು ಅದೇ ಎರಡು ಗುರುತುಗಳ ನಡುವೆ ಮತ್ತೆ ಅಳೆಯಬೇಕು. ಎರಡರ ವ್ಯತ್ಯಾಸವೇ ಕುಸಿತ. ಚಕ್ರ ಒಟ್ಟು ಎಷ್ಟು ಮೇಲೆ ಕೆಳಗೆ ಆಡಬಲ್ಲುದೋ ಅದರ ಮೂರನೆಯ ಒಂದು ಭಾಗದ ಆಸುಪಾಸಿನಲ್ಲಿ ಕುಸಿತವಿದ್ದರೆ ಹೊಂದಾಣಿಕೆ ಸರಿ ಎಂಬುದು ಒಪ್ಪಿತ ಲೆಕ್ಕ. ಚಕ್ರದ ಆಟ 90 ಮಿಲಿಮೀಟರ್ ಇದ್ದರೆ 30 ಮಿಲಿಮೀಟರ್ ಕುಸಿತ. ಸಂತೆಯ ದಿನ ಚೀಲ ಹೇರುವವರು ಚೀಲದೊಂದಿಗೇ ಅಳೆದು ಉಂಗುರ ಏರಿಸಿ, ಮರುದಿನ ಒಬ್ಬರೇ ಓಡಾಡುವಾಗ ಇಳಿಸಬೇಕು. ಎರಡೂ ಬದಿಯ ಉಂಗುರಗಳು ಒಂದೇ ಮೆಟ್ಟಿಲಿನಲ್ಲಿರಬೇಕು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಆದರೂ ಒಂದು ಬದಿ ಎರಡರಲ್ಲಿ, ಇನ್ನೊಂದು ಬದಿ ನಾಲ್ಕರಲ್ಲಿ ಇರುವ ಬೈಕುಗಳೇನೂ ಅಪರೂಪವಲ್ಲ.

ಐದನೆಯ ಮೆಟ್ಟಿಲಿನಲ್ಲೂ ಬೈಕು ತಳ ಬಡಿಯುತ್ತಿದ್ದರೆ ಅರ್ಥ ಎರಡರಲ್ಲಿ ಒಂದು. ಸ್ಪ್ರಿಂಗ್ ಸೋತಿದೆ, ಇಲ್ಲವೇ ಭಾರ ಬೈಕಿನ ಮಿತಿ ಮೀರಿದೆ. ಕೈಪಿಡಿಯಲ್ಲಿ ಹೇಳಿರುವ ಭಾರದ ಮಿತಿಯನ್ನು ಯಾವ ತುಂಡೂ ಹೆಚ್ಚಿಸಲಾರದು.

ತುಂಡು ಜೋಡಿಸಿದಾಗ ಆಗುವುದೇನು?

ಇದು ಹೆಚ್ಚಿನವರು ತಪ್ಪು ತಿಳಿದಿರುವ ಸಂಗತಿ. ತುಂಡು ಜೋಡಿಸಿದ ಬೈಕು ಎತ್ತರವಾಗಿ ಕಾಣುತ್ತದೆ, ಆದ್ದರಿಂದ ಹೆಚ್ಚು ಭಾರ ಹೊರುತ್ತದೆ ಎಂಬುದು ನಂಬಿಕೆ. ಸ್ಪ್ರಿಂಗ್ ಅದೇ, ಎಣ್ಣೆ ಅದೇ, ಶಾಕಪ್ ಒಳಗಿನ ದಂಡ ಆಡುವ ದೂರವೂ ಅದೇ. 100 ಕಿಲೋ ಹೇರಿದರೆ ಮೊದಲು ಎಷ್ಟು ಕುಸಿಯುತ್ತಿತ್ತೋ ಈಗಲೂ ಅಷ್ಟೇ ಕುಸಿಯುತ್ತದೆ. ಹೊರಡುವ ಜಾಗ ಮಾತ್ರ ಮೇಲಿರುತ್ತದೆ. ಟಯರು ಮಡ್‌ಗಾರ್ಡಿಗೆ ತಾಗುವುದು ತಪ್ಪಬಹುದು, ಶಾಕಪ್ ತಳ ಬಡಿಯುವುದು ತಪ್ಪದು.

ಇನ್ನು ತುಂಡಿನ ಮಾತು. ಎರಡು ತೂತಿನ ಬರೀ ಒಂದು ಪಟ್ಟಿಯನ್ನು ಶಾಕಪ್‌ನ ಕಿವಿಗೂ ಸ್ವಿಂಗ್ ಆರ್ಮಿಗೂ ನಡುವೆ ಬೋಲ್ಟಿನಿಂದ ಕೂರಿಸಿದರೆ ಅಲ್ಲಿ ಎರಡು ಕೀಲುಗಳು ಹುಟ್ಟುತ್ತವೆ. ಶಾಕಪ್ ಮೇಲಿನಿಂದ ಒತ್ತುತ್ತಿರುವಾಗ ಎರಡು ಕೀಲಿನ ನಡುವಿನ ತುಂಡು ಮೊಣಕಾಲಿನಂತೆ ಮಡಚಿಕೊಳ್ಳಲು ನೋಡುತ್ತದೆ. ಬೋಲ್ಟು ಬಿಗಿಯಾಗಿರುವವರೆಗೆ ಅದು ನೇರ ನಿಂತೀತು. ಸಡಿಲಾದ ದಿನ ಹಿಂಬದಿ ಏಕಾಏಕಿ ಒಂದು ಬದಿಗೆ ಕುಸಿಯುತ್ತದೆ. ಶಾಕಪ್‌ನ ಕಿವಿಯನ್ನು ಸುತ್ತ ಅಪ್ಪಿ ಹಿಡಿದು ಅಲುಗಾಡದಂತೆ ಕೂರುವ ತುಂಡುಗಳು ಇದಕ್ಕಿಂತ ಮೇಲು. ಆದರೂ ಭಾರ ಬೀಳುವ ಬಿಂದುವಿನಿಂದ ದೂರವಾದಷ್ಟೂ ಅಡ್ಡ ಒತ್ತಡ ಹೆಚ್ಚುತ್ತದೆ. ಒಂದು ಅಂಗುಲಕ್ಕೆ ತಡೆಯುವ ಬೋಲ್ಟು ಎರಡು ಅಂಗುಲಕ್ಕೆ ತಡೆಯಬೇಕೆಂದಿಲ್ಲ. ಎಂಥ ಲೋಹ ಎಂಬುದೇ ತಿಳಿಯದ, ಎರಕದ ತುಂಡನ್ನು ನಂಬುವುದಂತೂ ಸಲ್ಲ.

ಹೆಡ್‌ಲೈಟ್ 30 ಮೀಟರಿಗೆ ಇಳಿದಾಗ

ಸ್ಪ್ಲೆಂಡರಿನಂತಹ ಬೈಕಿನ ಎರಡು ಚಕ್ರಗಳ ನಡುವಿನ ಅಂತರ ಸುಮಾರು 1,230 ಮಿಲಿಮೀಟರ್. ಅದರ ಹಿಂಬದಿಯನ್ನು 25 ಮಿಲಿಮೀಟರ್ ಎತ್ತಿದರೆ ಇಡೀ ಬೈಕು ಮುಂದಕ್ಕೆ ಒಂದು ಡಿಗ್ರಿಗಿಂತ ತುಸು ಹೆಚ್ಚು ಬಾಗುತ್ತದೆ. ಒಂದು ಡಿಗ್ರಿ ಯಾವ ಲೆಕ್ಕ ಎನಿಸಬಹುದು. ಹೆಡ್‌ಲೈಟಿನ ಮಟ್ಟಿಗೆ ಅದು ದೊಡ್ಡ ಲೆಕ್ಕವೇ. ನೆಲದಿಂದ 90 ಸೆಂಟಿಮೀಟರ್ ಎತ್ತರದಲ್ಲಿರುವ ದೀಪದ ಡಿಮ್ ಕಿರಣದ ಮೇಲಂಚು ಪ್ರತಿ ಮೀಟರಿಗೆ ಒಂದು ಸೆಂಟಿಮೀಟರ್ ಇಳಿಯುವಂತೆ ಹೊಂದಿಸಿದ್ದರೆ ಅದು ನೆಲ ಮುಟ್ಟುವುದು 90 ಮೀಟರ್ ಆಚೆ. ಹಿಂಬದಿ ಒಂದು ಅಂಗುಲ ಎದ್ದಾಗ ಇಳಿತ ಮೀಟರಿಗೆ ಮೂರು ಸೆಂಟಿಮೀಟರ್ ಆಗುತ್ತದೆ. ಬೆಳಕು 30 ಮೀಟರಿಗೇ ನೆಲ ಸೇರುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಆ ದೂರ ಕ್ರಮಿಸಲು ಎರಡು ಸೆಕೆಂಡೂ ಬೇಡ.

ಹಾವೇರಿಯಿಂದ ರಾಣೆಬೆನ್ನೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 48, ಅಂದರೆ ಜನರ ಬಾಯಲ್ಲಿ ಇನ್ನೂ ಉಳಿದಿರುವ ಹಳೆಯ ಎನ್‌ಎಚ್ 4, ಹಾಗೂ ಮೋಟೆಬೆನ್ನೂರಿನ ಬಳಿ ಅದರಿಂದ ಕವಲೊಡೆದು ಬ್ಯಾಡಗಿಗೆ ಹೋಗುವ ರಸ್ತೆಗಳಲ್ಲಿ ರಾತ್ರಿ ಸಂಚರಿಸುವವರು ಈ ಎರಡು ಸೆಕೆಂಡಿನ ಬೆಲೆ ಬಲ್ಲರು. ಹಿಂದಿನ ಕೆಂಪು ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್ ಕತ್ತಲಲ್ಲಿ ಎದುರಾಗುವುದು ಹೇಳಿ ಕೇಳಿ ಅಲ್ಲ. ಹಿಂಬದಿ ಇಳಿಸಿದ ಬೈಕಿನದು ಇದಕ್ಕೆ ತದ್ವಿರುದ್ಧ ಕತೆ: ಅದರ ಬೆಳಕು ಎದುರು ಬರುವವನ ಕಣ್ಣಿಗೇ ನೇರ ಹೊಡೆಯುತ್ತದೆ. ಎರಡೂ ಸಂದರ್ಭದಲ್ಲಿ ಹೆಡ್‌ಲೈಟನ್ನು ಮರುಹೊಂದಿಸುವುದು ಹತ್ತು ನಿಮಿಷದ ಕೆಲಸ. ಎತ್ತರ ಬದಲಿಸಿದ ದಿನವೇ ಅದನ್ನು ಮಾಡಿಸಬೇಕು.

ಹ್ಯಾಂಡಲಿನ ಸ್ವಭಾವವೂ ಬದಲಾಗುತ್ತದೆ. ಮುಂದಿನ ಫೋರ್ಕ್ ಓರೆಯಾಗಿ ನಿಂತಿರುವುದಕ್ಕೆ ಕಾರಣವುಂಟು. ಹ್ಯಾಂಡಲ್ ತಿರುಗುವ ಅಕ್ಷವನ್ನು ನೆಲದವರೆಗೆ ಎಳೆದರೆ ಅದು ಟಯರು ನೆಲ ಮುಟ್ಟುವ ಜಾಗಕ್ಕಿಂತ ಮುಂದೆ ಬೀಳುತ್ತದೆ. ಈ ಅಂತರ ಇರುವುದರಿಂದಲೇ ಚಕ್ರ ತಾನಾಗಿ ನೇರವಾಗುತ್ತದೆ. ಸಾಮಾನ್ಯ ಬೈಕುಗಳಲ್ಲಿ ಇದು 80ರಿಂದ 100 ಮಿಲಿಮೀಟರ್. ಹಿಂಬದಿ ಒಂದು ಅಂಗುಲ ಏರಿದರೆ ಆರೇಳು ಮಿಲಿಮೀಟರ್, ಎರಡು ಅಂಗುಲ ಏರಿದರೆ ಹದಿಮೂರು ಹದಿನಾಲ್ಕು ಮಿಲಿಮೀಟರ್ ಕಡಿಮೆಯಾಗುತ್ತದೆ. ಪೇಟೆಯ ಸಂದಿಗಳಲ್ಲಿ ಬೈಕು ಚುರುಕಾಗಿ ತಿರುಗಿ ಖುಷಿ ಕೊಡುತ್ತದೆ. ಹೆದ್ದಾರಿಯ ವೇಗದಲ್ಲಿ, ದೊಡ್ಡ ಲಾರಿಯೊಂದು ಪಕ್ಕದಲ್ಲಿ ಗಾಳಿ ಹೊಡೆದು ಹೋದಾಗ, ಅದೇ ಚುರುಕು ನಡುಕವಾಗುತ್ತದೆ. ಗಟ್ಟಿ ಬ್ರೇಕು ಹಿಡಿದಾಗ ಮುಂಬದಿ ಇನ್ನಷ್ಟು ಅದುಮಿ, ಹಿಂದಿನ ಚಕ್ರ ಹಗುರಾಗಿ ಜಾರುವ ಸಂಭವವೂ ಹೆಚ್ಚು.

ಚೈನು, ಬ್ರೇಕು, ಸ್ಟ್ಯಾಂಡು

ಹಿಂಬದಿ ಏರಿದಾಗ ಸ್ವಿಂಗ್ ಆರ್ಮ್ ಇನ್ನಷ್ಟು ಕೆಳಮುಖವಾಗಿ ವಾಲುತ್ತದೆ. ಎಂಜಿನ್ ಬದಿಯ ಸಣ್ಣ ಹಲ್ಲುಚಕ್ರ, ಸ್ವಿಂಗ್ ಆರ್ಮಿನ ಕೀಲು, ಹಿಂದಿನ ಆಕ್ಸಲ್ ಈ ಮೂರೂ ಒಂದೇ ರೇಖೆಗೆ ಬಂದಾಗ ಚೈನು ಅತಿ ಬಿಗಿ. ಆ ರೇಖೆಯಿಂದ ದೂರ ಸರಿದಷ್ಟೂ ಸಡಿಲು. ಎತ್ತರಿಸಿದ ಬೈಕಿನಲ್ಲಿ ಚೈನು ಸಡಿಲಾಗಿ ಕಂಡಿತೆಂದು ಅಲ್ಲೇ ಬಿಗಿದರೆ, ಭಾರ ಹೇರಿ ಹಿಂಬದಿ ಕುಸಿದಾಗ ಅದು ತಂತಿಯಂತೆ ಸೆಟೆದು ಬೇರಿಂಗನ್ನು ಹಾಳುಮಾಡುತ್ತದೆ, ಕೆಲವೊಮ್ಮೆ ತಾನೇ ತುಂಡಾಗುತ್ತದೆ. ಆದ್ದರಿಂದ ಸಡಿಲಿಕೆಯನ್ನು ಆ ಮೂರೂ ಒಂದೇ ರೇಖೆಗೆ ಬರುವಷ್ಟು ಹಿಂಬದಿಯನ್ನು ಅದುಮಿ ಹಿಡಿದು ಪರೀಕ್ಷಿಸಬೇಕು. ಆಗಲೂ ಚೈನಿನಲ್ಲಿ ತುಸು ಆಟ ಉಳಿದಿರಬೇಕು. ಕೋನ ತೀರಾ ಹೆಚ್ಚಾದರೆ ಚೈನು ಸ್ವಿಂಗ್ ಆರ್ಮಿಗೇ ಉಜ್ಜತೊಡಗುತ್ತದೆ.

ಡ್ರಮ್ ಬ್ರೇಕಿನ ಬೈಕುಗಳಲ್ಲಿ ಪೆಡಲಿನಿಂದ ಹಿಂದಿನ ಚಕ್ರಕ್ಕೆ ಒಂದು ಸರಳು ಹೋಗುತ್ತದೆ. ಪೆಡಲಿನ ಕೀಲೂ ಸ್ವಿಂಗ್ ಆರ್ಮಿನ ಕೀಲೂ ಒಂದೇ ಜಾಗದಲ್ಲಿ ಇಲ್ಲದ ಕಾರಣ ಚಕ್ರ ಕೆಳಗಿಳಿದರೆ ಪೆಡಲಿನ ಬಿಡುವು ಬದಲಾಗುತ್ತದೆ: ಒಂದೋ ಬ್ರೇಕು ಸದಾ ಹಿಡಿದುಕೊಂಡು ಡ್ರಮ್ ಕಾಯುತ್ತದೆ, ಇಲ್ಲವೇ ಬೇಕಾದಾಗ ಸಾಲದಾಗುತ್ತದೆ. ಡಿಸ್ಕ್ ಇದ್ದರೆ ಅದರ ಕೊಳವೆ, ಚಕ್ರ ಪೂರ್ತಿ ಇಳಿದಾಗ ಎಳೆದುಕೊಳ್ಳುತ್ತಿಲ್ಲವೇ ನೋಡಬೇಕು. ಹಿಂದಿನ ಬ್ರೇಕ್ ದೀಪ ಸಕಾಲಕ್ಕೆ ಹೊತ್ತುತ್ತಿದೆಯೇ ಎಂಬುದನ್ನೂ.

ಸೈಡ್ ಸ್ಟ್ಯಾಂಡಿನ ವಿಷಯ ಚಿಕ್ಕದು, ಆದರೆ ಮೊದಲು ಕಾಡುವುದು ಅದೇ. ಎತ್ತರಿಸಿದ ಬೈಕಿಗೆ ಹಳೆಯ ಸ್ಟ್ಯಾಂಡು ಗಿಡ್ಡವಾಗಿ, ಬೈಕು ಎಡಕ್ಕೆ ವಿಪರೀತ ವಾಲುತ್ತದೆ; ಒಂದು ಬದಿ ಚೀಲ ತೂಗುಬಿಟ್ಟರೆ ಉರುಳುತ್ತದೆ. ಡಬಲ್ ಸ್ಟ್ಯಾಂಡ್ ಹಾಕಿದರೂ ಹಿಂದಿನ ಚಕ್ರ ನೆಲ ಬಿಡುವುದಿಲ್ಲ. ಸ್ಟ್ಯಾಂಡಿನ ಕಾಲಿಗೆ ತುಂಡು ಬೆಸೆಯುವುದಾದರೆ ಎತ್ತಿ ಮಡಚಿದಾಗ ಅದು ಸೈಲೆನ್ಸರಿಗಾಗಲಿ ನೆಲಕ್ಕಾಗಲಿ ತಾಗದಂತಿರಬೇಕು.

ಒಂದೇ ಶಾಕಪ್ ಇರುವ ಬೈಕುಗಳು

ಸೀಟಿನ ಕೆಳಗೆ ನಡುವೆ ಒಂದೇ ಶಾಕಪ್ ಇರುವ ಬೈಕುಗಳಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಅಲ್ಲಿ ಶಾಕಪ್ ಕೀಲಿನ ಸಮೀಪ ಇರುವುದರಿಂದ ಅದು ಸ್ವಲ್ಪ ಆಡಿದರೆ ಚಕ್ರ ಅದರ ಎರಡರಿಂದ ಮೂರು ಪಟ್ಟು ಆಡುತ್ತದೆ. ಶಾಕಪ್‌ನಲ್ಲಿ 10 ಮಿಲಿಮೀಟರ್ ಹೆಚ್ಚಿಸಿದರೆ ಹಿಂಬದಿ 20ರಿಂದ 30 ಮಿಲಿಮೀಟರ್ ಏರುತ್ತದೆ. ಕೆಲವು ಬೈಕುಗಳಲ್ಲಿ ನಡುವೆ ಜೋಡುಪಟ್ಟಿಗಳಿರುತ್ತವೆ. ಗಿಡ್ಡ ಪಟ್ಟಿ ಹಾಕಿದರೆ ಬೈಕು ಏರುವುದು, ಉದ್ದದ ಪಟ್ಟಿ ಹಾಕಿದರೆ ಇಳಿಯುವುದು ಸಾಮಾನ್ಯ. ಇಂತಹ ಪಟ್ಟಿಗಳು ಆ ಮಾದರಿಗೆಂದೇ ತಯಾರಾದವು ಆಗಿರಬೇಕು. ಲೇತಿನವರ ಹತ್ತಿರ ಅಂದಾಜಿಗೆ ಕೊರೆಸಿದವಲ್ಲ.

ತಯಾರಕರೇ ಬೈಕು ಎತ್ತರಿಸಿದಾಗ ಏನು ಮಾಡುತ್ತಾರೆ ಎಂಬುದು ಗಮನಾರ್ಹ. ಹೀರೊ ಸಂಸ್ಥೆ 2023ರಲ್ಲಿ ಬಿಡುಗಡೆ ಮಾಡಿದ ಎಕ್ಸ್‌ಪಲ್ಸ್ 200 4ವಿ ಪ್ರೊ ಮಾದರಿಯಲ್ಲಿ ಹಿಂದಿನ ಚಕ್ರದ ಆಟವನ್ನು 170ರಿಂದ 220 ಮಿಲಿಮೀಟರಿಗೆ ಹೆಚ್ಚಿಸಿದಾಗ, ಮುಂದಿನದನ್ನೂ 190ರಿಂದ 250ಕ್ಕೆ ಏರಿಸಿತು. ನೆಲದಿಂದ ಒಡಲಿನ ಎತ್ತರ 220ರಿಂದ 270 ಮಿಲಿಮೀಟರ್ ಆಯಿತು. ಸೀಟು 891 ಮಿಲಿಮೀಟರಿಗೆ ಏರಿತು. ಮುಂದೆ ಹಿಂದೆ ಎರಡೂ ಜೊತೆಯಾಗಿ ಎದ್ದವು. ಬೈಕು ಮೂತಿ ಬಾಗಿಸಲಿಲ್ಲ. ಬರೀ ಹಿಂಬದಿಗೆ ತುಂಡು ಜೋಡಿಸುವುದಕ್ಕೂ ಇದಕ್ಕೂ ಇರುವ ಅಂತರ ಇದೇ.

ಎತ್ತರ ಬೇಕೇ ಬೇಕೆನ್ನುವವರು ತುಂಡಿನ ಬದಲು, ಅದೇ ಮಾದರಿಗೆ ಹೊಂದುವ ತುಸು ಉದ್ದನೆಯ, ಭಾರಕ್ಕೆ ತಕ್ಕ ಸ್ಪ್ರಿಂಗ್ ಇರುವ ಪೂರ್ತಿ ಶಾಕಪ್ ಜೋಡಿಯನ್ನೇ ಹಾಕಿಸುವುದು ಮೇಲು. ಕಿವಿಯಿಂದ ಕಿವಿಗೆ ಇರುವ ಉದ್ದ, ಬೋಲ್ಟಿನ ದಪ್ಪ, ರಬ್ಬರ್ ಬುಷ್‌ನ ಅಗಲ ಮೂರನ್ನೂ ಹಳೆಯದರೊಂದಿಗೆ ಹೋಲಿಸಿಯೇ ಕೊಳ್ಳಬೇಕು. ಸ್ಪ್ರಿಂಗಿಗೆ ಬೆಂಕಿ ಕೊಟ್ಟು ಹಿಗ್ಗಿಸುವುದು ಅದರ ಹದವನ್ನೇ ಕೊಲ್ಲುತ್ತದೆ. ಸುರುಳಿಗಳ ನಡುವೆ ರಬ್ಬರ್ ತುರುಕಿದರೆ ಬೈಕು ಏರಿದಂತೆ ಕಾಣುತ್ತದೆ, ಆದರೆ ಸ್ಪ್ರಿಂಗ್ ಆಡುವ ಜಾಗವೇ ಕಡಿಮೆಯಾಗಿ ಗುಂಡಿಯ ಏಟು ನೇರ ಚಾಸಿಗೆ ಬೀಳುತ್ತದೆ. ಗ್ಯಾಸ್ ತುಂಬಿದ ಶಾಕಪ್‌ನ ಒಳಗೆ ಅಧಿಕ ಒತ್ತಡವಿರುತ್ತದೆ. ಅದನ್ನು ಬಿಚ್ಚುವುದಾಗಲಿ ಅದರ ಮೇಲೆ ವೆಲ್ಡಿಂಗ್ ಮಾಡುವುದಾಗಲಿ ಜೀವಕ್ಕೇ ಅಪಾಯ.

ಕಾಲು ನೆಲಕ್ಕೆ ಎಟುಕದೆ ಬೈಕು ಇಳಿಸಬಯಸುವವರು ಮೊದಲು ಸೀಟಿನ ಸ್ಪಂಜು ತೆಳುವಾಗಿಸಿ ನೋಡುವುದು ಜಾಣತನ. ಶಾಕಪ್ ಗಿಡ್ಡವಾದರೆ ಟಯರು ಮಡ್‌ಗಾರ್ಡಿಗೆ ಬಡಿಯುವ ಭಯ ಇದ್ದೇ ಇದೆ.

ಕಾನೂನಿನ ಮಾತು

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನ ಬದಲಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ಕಲಂ ಪ್ರಕಾರ, ಅನುಮತಿಯಿಲ್ಲದ ರೀತಿಯಲ್ಲಿ ವಾಹನ ಮಾರ್ಪಡಿಸುವ, ಬಿಡಿಭಾಗ ಜೋಡಿಸುವ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಸವೆದ ಶಾಕಪ್ ತೆಗೆದು ಅದೇ ಅಳತೆಯ ಹೊಸದನ್ನು ಹಾಕುವುದು ದುರಸ್ತಿ. ಒಡಲಿನ ಎತ್ತರವನ್ನೇ ಬದಲಿಸುವುದು ಬೇರೆ ಮಾತು. ಆದ ಕಾರಣ ಹಾವೇರಿಯ ಕೆಎ 27 ಫಲಕವಿರಲಿ, ರಾಣೆಬೆನ್ನೂರಿನ ಕೆಎ 68 ಫಲಕವಿರಲಿ, ಹಣ ಸುರಿಯುವ ಮೊದಲು ಆಯಾ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಒಳಿತು. ವಿಮಾ ಸಂಸ್ಥೆಗೆ ತಿಳಿಸದ ಮಾರ್ಪಾಡು, ಅಪಘಾತವಾದಾಗ ಪರಿಹಾರದ ಅರ್ಜಿಗೆ ಅಡ್ಡಿಯಾಗಲೂಬಹುದು.

ಗ್ಯಾರೇಜಿನಿಂದ ಹೊರಡುವ ಮೊದಲು

ಕೆಲಸ ಮುಗಿಸುವ ಮುನ್ನ ಮೆಕ್ಯಾನಿಕ್‌ನಿಂದ ಒಂದು ಪರೀಕ್ಷೆ ಮಾಡಿಸಿಕೊಳ್ಳಬೇಕು. ಚಾಸಿಗೆ ಭದ್ರ ಆಧಾರ ಕೊಟ್ಟು ಚಕ್ರ ನೆಲ ಬಿಡುವಂತೆ ಬೈಕನ್ನು ನಿಲ್ಲಿಸಿ, ಎರಡೂ ಶಾಕಪ್ ಕಳಚಿ, ಹಿಂದಿನ ಚಕ್ರವನ್ನು ಕೈಯಿಂದ ಪೂರ್ತಿ ಮೇಲಕ್ಕೂ ಹೊಸ ಅಳತೆಯಷ್ಟು ಕೆಳಕ್ಕೂ ಆಡಿಸಿದರೆ ಚೈನು, ಬ್ರೇಕ್ ಸರಳು, ಕೊಳವೆ, ಮಡ್‌ಗಾರ್ಡ್ ಎಲ್ಲೆಲ್ಲಿ ತಾಗುತ್ತವೆ ಎಂಬುದು ಕಣ್ಣಿಗೇ ಕಾಣುತ್ತದೆ. ಬಳಿಕ ಒಬ್ಬರೇ ಕೂತು, ಖಾಲಿ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ, ಎರಡೂ ಬ್ರೇಕು ಹಿಡಿದು ನೋಡಬೇಕು. ಹಿಂದೆ ಕೂರುವವರನ್ನಾಗಲಿ ಚೀಲವನ್ನಾಗಲಿ ಮೊದಲ ದಿನವೇ ಹೇರಬಾರದು. ಮೊದಲ 100 ಕಿಲೋಮೀಟರ್ ಆದೊಡನೆ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ನೋಡಿಸಬೇಕು. ಹೊಸ ರಬ್ಬರ್ ಬುಷ್ ಕೂತುಕೊಳ್ಳುವಾಗ ಸಡಿಲಾಗುವುದು ಸಹಜ.

ಕಳಚಿದ ಹಳೆಯ ಜೋಡಿಯನ್ನು ಗುಜರಿಗೆ ಹಾಕದೆ ಗೋಣಿಯಲ್ಲಿ ಸುತ್ತಿ ಮನೆಯಲ್ಲಿಟ್ಟುಕೊಳ್ಳಬೇಕು. ದ್ವಿಚಕ್ರ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ನವೀಕರಣಕ್ಕೆ ಬೈಕನ್ನು ತಪಾಸಣೆಗೆ ಒಯ್ಯುವ ದಿನ ಅದು ಬೇಕಾಗಬಹುದು.